ಬೆಂಗಳೂರಿನಲ್ಲಿ ಹುಟ್ಟಿ ಪಾಕಿಸ್ತಾನದ ವಿದೇಶಾಂಗ ನೀತಿ ರೂಪಿಸಿದ ಆಘಾ ಶಾಹಿ: ನಿಮ್ಮ ಅಭಿಪ್ರಾಯ ಏನು?

ಹಳೇಪೇಟೆ:
ಆಘಾ ಶಾಹಿ ಹೆಸರು ಈಗಿನವರಲ್ಲಿ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ. 1973ರಿಂದ 1977ರವರೆಗೆ ಪಾಕಿಸ್ತಾನದ ವಿದೇಶಾಂಗ ಕಾರ್ಯದರ್ಶಿ ಆಗಿದ್ದರು. ಆಮೇಲೆ 1982ರ ಆರಂಭದವರೆಗೆ ಸೇನಾಡಳಿತಗಾರ ಜಿಯಾ ಉಲ್ ಹಕ್ ಸರ್ಕಾರದಲ್ಲಿ ವಿದೇಶಾಂಗ ಖಾತೆ ನೋಡಿಕೊಂಡರು. ಹುಟ್ಟಿದ್ದು 1920ರ ಆಗಸ್ಟ್ 25ರಂದು, ನಮ್ಮ ಬೆಂಗಳೂರಿನಲ್ಲಿ. ಅವರ ಅಣ್ಣ ಆಘಾ ಹಿಲಾಲಿ ಕೂಡ ಇಲ್ಲಿಯವರೇ, 1911ರಲ್ಲಿ ಹುಟ್ಟಿದವರು. ಇಬ್ಬರೂ ಐಸಿಎಸ್ (ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆ) ಪಾಸು ಮಾಡಿದವರು. ಅಣ್ಣ 1936ರಲ್ಲಿ ಸೇರಿ ಬಂಗಾಳದ ಕಡೆ ಹೋದರು. ತಮ್ಮ 1943ರಲ್ಲಿ ಸೇರಿದರು, ಬ್ರಿಟಿಷರು ಆರಿಸಿಕೊಂಡ ಕೊನೆಯ ತಂಡಗಳಲ್ಲಿ ಅದೂ ಒಂದು. ದೇಶ ಇಬ್ಭಾಗವಾದಾಗ ಇಬ್ಬರೂ ಪಾಕಿಸ್ತಾನದ ಕಡೆ ನಿಂತರು. ಶಾಹಿ ಮೊದಲು ಸಿಂಧ್‌ನಲ್ಲಿ ಆಡಳಿತದ ಕೆಲಸ ಮಾಡಿ, 1951ರಲ್ಲಿ ವಿದೇಶಾಂಗ ಸೇವೆಗೆ ಬಂದರು. ವಾಷಿಂಗ್ಟನ್, ನ್ಯೂಯಾರ್ಕ್, ಬೀಜಿಂಗ್ ಎಲ್ಲಾ ಸುತ್ತಿದರು.

ಈ ಚರ್ಚೆ ಶುರು ಮಾಡಿದ್ದು ಯಾಕೆಂದರೆ, ಅವರನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನೋದು ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. ಪಾಕಿಸ್ತಾನ ಯಾವ ದೊಡ್ಡ ದೇಶದ ಹಂಗಿನಲ್ಲೂ ಇರಬಾರದು ಅಂತ ಅವರು ಗಟ್ಟಿಯಾಗಿ ನಂಬಿದ್ದರು. ಕೊನೆಗೆ ಅದಕ್ಕಾಗಿಯೇ ಅಧಿಕಾರ ಬಿಟ್ಟರು. ಈ ಒಂದು ವಿಷಯಕ್ಕೆ ನನಗೆ ಅವರ ಬಗ್ಗೆ ಗೌರವ ಇದೆ. ನೀವೇನಂತೀರಿ?

ಮಲೆನಾಡಿನವ:
ಬೆಂಗಳೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ನಾವು ಹೆಮ್ಮೆ ಪಡಬೇಕಿಲ್ಲ ಸರ್. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ಪಾಕಿಸ್ತಾನದ ಕಾಯಂ ಪ್ರತಿನಿಧಿ ಯಾರಾಗಿದ್ದರು? ಇದೇ ಶಾಹಿ. ಪೂರ್ವ ಬಂಗಾಳದಲ್ಲಿ, ಅಂದರೆ ಆಗಿನ ಪೂರ್ವ ಪಾಕಿಸ್ತಾನ, ಈಗಿನ ಬಾಂಗ್ಲಾದೇಶದಲ್ಲಿ, ಪಾಕಿಸ್ತಾನಿ ಸೈನ್ಯ ಜನರನ್ನು ಕೊಲ್ಲುತ್ತಿತ್ತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದರು. ಅದೆಲ್ಲ ನಮ್ಮ ಮನೆಯ ಒಳಗಿನ ವಿಷಯ, ಬೇರೆಯವರು ತಲೆ ಹಾಕಬೇಡಿ ಅಂತ ಜಗತ್ತಿನ ಮುಂದೆ ವಾದಿಸಿದವರು ಅವರು. ಅಲ್ಲಿಂದ ಶುರು ಮಾಡಿ ಮಾತಾಡೋಣ.

ಹಳೇಪೇಟೆ:
ಸರಿ, ಅಲ್ಲಿಂದಲೇ ಶುರು ಮಾಡೋಣ.

ಶಾಹಿ 1967ರಿಂದ ನ್ಯೂಯಾರ್ಕ್‌ನಲ್ಲಿದ್ದರು. 1968ರ ಜನವರಿಯಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರಾಗಿ ಕೂತಿದ್ದರು. ಅಲ್ಲಿನ ಪಟ್ಟು, ವರಸೆ, ನಿಯಮ ಎಲ್ಲಾ ಕರಗತ. 1971ರಲ್ಲಿ ಭಾರತ-ಪಾಕಿಸ್ತಾನ ಯುದ್ಧ ಶುರುವಾದಾಗ ಡಿಸೆಂಬರ್ 4ರಿಂದ ಮಂಡಳಿಯಲ್ಲಿ ವಾದ ಶುರುವಾಯಿತು. ನಮ್ಮ ಕಡೆಯಿಂದ ಸಮರ್ ಸೇನ್, ಅವರ ಕಡೆಯಿಂದ ಶಾಹಿ. ಕದನ ವಿರಾಮದ ನಿರ್ಣಯ ಬಂದಾಗೆಲ್ಲ ಸೋವಿಯತ್ ಒಕ್ಕೂಟ ವೀಟೊ ಹಾಕಿತು. ವಿಷಯ ಮಹಾಸಭೆಗೆ ಹೋಯಿತು. ಡಿಸೆಂಬರ್ 7ರಂದು ಅಲ್ಲಿ 104 ದೇಶಗಳು ಕದನ ವಿರಾಮಕ್ಕೆ, ಎರಡೂ ಸೈನ್ಯ ಹಿಂದಕ್ಕೆ ಹೋಗಬೇಕು ಅನ್ನೋದಕ್ಕೆ ಓಟು ಹಾಕಿದವು. ವಿರೋಧಿಸಿದ್ದು 11, ತಟಸ್ಥ ಉಳಿದದ್ದು 10. ಲೆಕ್ಕದಲ್ಲಿ ಅದು ಪಾಕಿಸ್ತಾನದ ದೊಡ್ಡ ಗೆಲುವು. ಆದರೆ ನೆಲದ ಮೇಲೆ ಒಂದು ಇಂಚೂ ಬದಲಾಗಲಿಲ್ಲ. ಮಹಾಸಭೆಯ ಮಾತನ್ನು ಯಾರೂ ಪಾಲಿಸಲೇಬೇಕು ಅಂತ ಇರಲಿಲ್ಲ.

ಡಿಸೆಂಬರ್ 10ರಂದು ಢಾಕಾದಿಂದ ಮೇಜರ್ ಜನರಲ್ ರಾವ್ ಫರ್ಮಾನ್ ಅಲಿ ಅಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿ ಕೈಗೆ ಒಂದು ಸಂದೇಶ ಕೊಟ್ಟರು. ಕದನ ನಿಲ್ಲಿಸೋಣ, ಪೂರ್ವ ಪಾಕಿಸ್ತಾನದ ಚುನಾಯಿತ ಪ್ರತಿನಿಧಿಗಳಿಗೆ ಅಧಿಕಾರ ಬಿಟ್ಟುಕೊಡೋಣ ಅನ್ನೋದು ಸಾರ. ಅದು ನ್ಯೂಯಾರ್ಕ್ ಮುಟ್ಟಿತು. ಅಷ್ಟರಲ್ಲಿ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಕಡೆಯಿಂದ ಅದನ್ನು ಲೆಕ್ಕಕ್ಕೆ ತಗೋಬೇಡಿ ಅಂತ ಸೂಚನೆ ಬಂತು. ಢಾಕಾ ಒಂದು ಹೇಳುತ್ತಿದೆ, ಇಸ್ಲಾಮಾಬಾದ್ ಇನ್ನೊಂದು ಹೇಳುತ್ತಿದೆ. ಮಧ್ಯದಲ್ಲಿ ಕೂತು ದೇಶದ ಪರವಾಗಿ ಬಾಯಿ ತೆರೆಯಬೇಕಾದವರು ಶಾಹಿ. ಅಷ್ಟು ಹೊತ್ತಿಗೆ, ಮುಂದೆ ಪಾಕಿಸ್ತಾನದ ಪ್ರಧಾನಿಯಾದ ಭುಟ್ಟೊ ನ್ಯೂಯಾರ್ಕ್‌ಗೆ ಬಂದಿಳಿದಿದ್ದರು. 15ರಂದು ಮಂಡಳಿಯಲ್ಲೇ ಕಾಗದ ಹರಿದು ಹಾಕಿ ಎದ್ದು ಹೋದರು. ಮಾರನೇ ದಿನ ಢಾಕಾದಲ್ಲಿ ಸೈನ್ಯ ಶರಣಾಯಿತು.

ಅವರು ಮಾಡಿದ ವಾದ ಸರಿ ಅಂತ ನಾನು ಹೇಳುತ್ತಿಲ್ಲ. ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನೋದನ್ನೂ ನೋಡಬೇಕು.

ಓದುಗಿತ್ತಿ:
ಕೈಯಲ್ಲಿ ಒಂದಂತೂ ಇತ್ತು ಸರ್. ಕೆಲಸ ಬಿಡಬಹುದಿತ್ತು. ಬಂಗಾಳಿ ಅಧಿಕಾರಿಗಳು ಬಿಟ್ಟರಲ್ವಾ? 1971ರ ಆಗಸ್ಟ್ 4ರಂದು ವಾಷಿಂಗ್ಟನ್ ರಾಯಭಾರ ಕಚೇರಿಯ ಮತ್ತು ನ್ಯೂಯಾರ್ಕ್ ಕಚೇರಿಯ ಬಂಗಾಳಿ ಸಿಬ್ಬಂದಿ ಒಟ್ಟಿಗೆ ಹೊರಬಂದು, ನಾವು ಬಾಂಗ್ಲಾದೇಶದವರು ಅಂತ ಘೋಷಿಸಿದರು. ನ್ಯೂಯಾರ್ಕ್‌ನಲ್ಲಿ ಹೊರಬಂದವರಲ್ಲಿ ಶಾಹಿಯ ಕೆಳಗೇ ಉಪ ಪ್ರತಿನಿಧಿಯಾಗಿದ್ದ ಎಸ್. ಎ. ಕರೀಮ್ ಇದ್ದರು. ವಾಷಿಂಗ್ಟನ್‌ನಲ್ಲಿ ಆಗ ರಾಯಭಾರಿ ಯಾರು? ಅಣ್ಣ ಹಿಲಾಲಿ. ಅಂದರೆ ಒಂದೇ ದಿನ ಅಣ್ಣನ ಕಚೇರಿಯೂ ತಮ್ಮನ ಕಚೇರಿಯೂ ಅರ್ಧ ಖಾಲಿಯಾದಂತೆ.

ಪಕ್ಕದ ಮೇಜಿನವರು ಸಂಬಳ, ಮನೆ, ದೇಶ ಎಲ್ಲಾ ಬಿಟ್ಟು ಎದ್ದು ಹೋದರು. ಅದನ್ನು ಕಣ್ಣಾರೆ ನೋಡಿದ ಮೇಲೂ ನಾಲ್ಕು ತಿಂಗಳು ಬಿಟ್ಟು ಅದೇ ವಾದ ಮಾಡಿದರು ಅನ್ನೋದು ನನಗೆ ನುಂಗಲಾರದ ತುತ್ತು.

ಮಲೆನಾಡಿನವ:
ಇದು ನನಗೆ ಗೊತ್ತಿರಲಿಲ್ಲ ಮೇಡಂ. ಚೆನ್ನಾಗಿ ಹೇಳಿದಿರಿ.

ಕರಾವಳಿ ಕಡತ:
ಅಣ್ಣನ ವಿಷಯ ಬಂತಲ್ಲ, ಹಿಲಾಲಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ರಾಜತಾಂತ್ರಿಕ ಕೆಲಸ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಕತೆಯನ್ನೇ ಹೇಳುತ್ತೇನೆ.

ಅಮೆರಿಕಕ್ಕೂ ಚೀನಾಕ್ಕೂ ಇಪ್ಪತ್ತು ವರ್ಷ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಮಾತು ಶುರು ಮಾಡಬೇಕಿತ್ತು, ಆದರೆ ಯಾರಿಗೂ ಗೊತ್ತಾಗಬಾರದು. ಯಾಹ್ಯಾ ಖಾನ್ ಮೂಲಕ ಹೇಳಿ ಕಳಿಸಿದರು. ಬೀಜಿಂಗ್‌ನಿಂದ ಉತ್ತರ ಪಾಕಿಸ್ತಾನಕ್ಕೆ ಬರುತ್ತಿತ್ತು, ಅಲ್ಲಿಂದ ವಾಷಿಂಗ್ಟನ್‌ಗೆ. ಕೊನೆಯ ಕೈ ಹಿಲಾಲಿಯದು. 1970ರ ಡಿಸೆಂಬರ್ 9ರಂದು ಅವರು ಶ್ವೇತಭವನಕ್ಕೆ ಹೋಗಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಎದುರು ಕೂತರು. ಲಕೋಟೆಯಲ್ಲಿ ಗೆರೆ ಹಾಕಿದ ಬಿಳಿ ಹಾಳೆ, ಅದರಲ್ಲಿ ಕೈಬರಹದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರ ಸಂದೇಶ. ಆ ಹಾಳೆಯನ್ನು ಬಿಟ್ಟು ಬರಲು ಅವರಿಗೆ ಅಪ್ಪಣೆ ಇರಲಿಲ್ಲ. ಹಾಗಾಗಿ ನಿಧಾನಕ್ಕೆ ಓದಿ ಹೇಳಿದರು, ಕಿಸಿಂಜರ್ ಬರೆದುಕೊಂಡರು. ಮೇಷ್ಟ್ರು ಉಕ್ತಲೇಖನ ಹೇಳಿದ ಹಾಗೆ! ಇಪ್ಪತ್ತನೇ ಶತಮಾನದ ಅತಿ ದೊಡ್ಡ ತಿರುವುಗಳಲ್ಲಿ ಒಂದು ಶುರುವಾದದ್ದು ಹೀಗೆ.

ಆಮೇಲೆ 1971ರ ಏಪ್ರಿಲ್ ಕೊನೆಗೆ ಇನ್ನೊಂದು ಸಂದೇಶ ತಂದರು. ಜೂನ್ 2ಕ್ಕೆ ಚೀನಾ ಒಪ್ಪಿದ ಸುದ್ದಿ ತಂದರು. ಜುಲೈ 9ರ ನಸುಕಿಗೆ ಕಿಸಿಂಜರ್ ರಾವಲ್ಪಿಂಡಿಯ ಚಕ್ಲಾಲಾ ನಿಲ್ದಾಣದಿಂದ ಪಾಕಿಸ್ತಾನದ ಪಿಐಎ ಸಂಸ್ಥೆಯ ವಿಮಾನ ಹತ್ತಿ ಬೀಜಿಂಗ್‌ಗೆ ಹಾರಿದರು. ಪತ್ರಕರ್ತರಿಗೆ ಹೇಳಿದ್ದು, ಹೊಟ್ಟೆ ಕೆಟ್ಟಿದೆ, ನಾಥಿಯಾಗಲಿ ಗಿರಿಧಾಮದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ ಅಂತ.

ಓದುಗಿತ್ತಿ ಹೇಳಿದ ಮಾತನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬಂಗಾಳದಲ್ಲಿ ಸೈನ್ಯ ಬೀದಿಗಿಳಿದದ್ದು ಮಾರ್ಚ್ 25ರ ರಾತ್ರಿ. ಏಪ್ರಿಲ್, ಮೇ, ಜೂನ್‌ನಲ್ಲಿ ನಿಕ್ಸನ್ ಯಾಹ್ಯಾ ಮೇಲೆ ಗಟ್ಟಿ ಒತ್ತಡ ಹಾಕದೇ ಇರಲು ಈ ಅಂಚೆ ಕೆಲಸವೂ ಒಂದು ಕಾರಣ. ಅಣ್ಣ ಅಷ್ಟು ನಾಜೂಕಾಗಿ ಮಾಡಿದ ಕೆಲಸಕ್ಕೆ ಬೆಲೆ ತೆತ್ತವರು ಢಾಕಾ, ಖುಲ್ನಾ, ಚಿತ್ತಗಾಂಗ್‌ನ ಜನ. ನನಗೆ ಕತೆಯ ಈ ಭಾಗ ಬಂದಾಗ ಸಂಕಟವಾಗುತ್ತದೆ.

ಬೀದರ್ ಕೋಟೆ:
ಸರ್, ಒಂದು ಸಂದೇಹ. ಶಾಹಿ ಭುಟ್ಟೊ ಕಾಲದಲ್ಲೂ ಇದ್ದರು, ಜಿಯಾ ಕಾಲದಲ್ಲೂ ಇದ್ದರು ಅಂತೀರಿ. ಜಿಯಾ 1977ರ ಜುಲೈನಲ್ಲಿ ಭುಟ್ಟೊ ಅವರನ್ನು ಇಳಿಸಿ, 1979ರ ಏಪ್ರಿಲ್ 4ರಂದು ಗಲ್ಲಿಗೇರಿಸಿದರು. ಭುಟ್ಟೊ ಬಲಗೈ ಆಗಿದ್ದವರು ಅದರ ಮೇಲೂ ಹೇಗೆ ಮುಂದುವರಿದರು?

ಹಳೇಪೇಟೆ:
ನೇರವಾದ ಪ್ರಶ್ನೆ. ನೇರವಾಗಿಯೇ ಹೇಳುತ್ತೇನೆ. ಐಸಿಎಸ್ ಹಿನ್ನೆಲೆಯವರಿಗೆ ಸರ್ಕಾರ ಬದಲಾದರೂ ತಮ್ಮ ಕೆಲಸ ದೇಶದ್ದು ಅನ್ನೋ ಭಾವನೆ ಗಟ್ಟಿ. ಶಾಹಿ ಅಯೂಬ್, ಯಾಹ್ಯಾ, ಭುಟ್ಟೊ, ಜಿಯಾ ನಾಲ್ವರ ಕೈಕೆಳಗೂ ದುಡಿದರು. ಅದನ್ನು ಒಳ್ಳೆಯ ಗುಣ ಅಂತ ನಾನು ಹೇಳಲಾರೆ. ಭುಟ್ಟೊ ವಿಷಯದಲ್ಲಂತೂ ಎಷ್ಟೋ ದೇಶಗಳು ಕ್ಷಮೆ ಕೊಡಿ ಅಂತ ಜಿಯಾಗೆ ಕೇಳಿಕೊಂಡವು. ಆ ಮನವಿಗಳೆಲ್ಲ ಬಂದು ಮುಟ್ಟುವ ಖಾತೆಯನ್ನು ನಡೆಸುತ್ತಿದ್ದವರು ಶಾಹಿ. ಆಗ ಅವರು ಎದ್ದು ಹೋಗಲಿಲ್ಲ. ಅದು ಅವರ ಬದುಕಿನ ಕಪ್ಪು ಚುಕ್ಕೆ, ಮುಚ್ಚಿಡುವುದಕ್ಕೆ ಆಗುವುದಿಲ್ಲ.

ಆದರೆ ನೀತಿಯ ವಿಷಯಕ್ಕೆ ಬಂದರೆ ಭುಟ್ಟೊ ಹಾಕಿದ ದಾರಿಯನ್ನು ಜಿಯಾ ಕಾಲದಲ್ಲೂ ಹಿಡಿದುಕೊಂಡು ಹೋದವರು ಅವರೇ. 1979ರ ಮಾರ್ಚ್‌ನಲ್ಲಿ ಪಾಕಿಸ್ತಾನ, ಅಮೆರಿಕದ ಬೆಂಬಲವಿದ್ದ ಸೆಂಟೊ ಸೇನಾ ಒಕ್ಕೂಟದಿಂದ ಹೊರಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹವಾನಾದಲ್ಲಿ ಅಲಿಪ್ತ ಚಳವಳಿ ಸೇರಿತು. ನೆಹರೂ ಕಾಲದಲ್ಲಿ ಪಾಕಿಸ್ತಾನದವರು ಹೀಗಳೆಯುತ್ತಿದ್ದ ಗುಂಪು ಅದು!

ನಿವೃತ್ತ ಮೇಷ್ಟ್ರು:
ಎಲ್ಲರೂ ಯುದ್ಧದ ಮಾತೇ ಆಡುತ್ತಿದ್ದೀರಿ. 1976 ಮರೆತರೆ ಹೇಗೆ?

1971ರ ಯುದ್ಧದ ನಂತರ ಎರಡೂ ದೇಶಗಳ ಮಧ್ಯೆ ರಾಯಭಾರಿಗಳಿಲ್ಲ, ವಿಮಾನ ಇಲ್ಲ, ರೈಲು ಇಲ್ಲ. 1976ರ ಮೇ ತಿಂಗಳಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿ ಜಗತ್ ಮೆಹ್ತಾ ಇಸ್ಲಾಮಾಬಾದ್‌ಗೆ ಹೋದರು. ಎದುರಿಗೆ ಕೂತವರು ಆಘಾ ಶಾಹಿ. 12ರಿಂದ 14ರವರೆಗೆ ಮಾತುಕತೆ. ಮೂರು ದಿನದಲ್ಲಿ ಐದು ವರ್ಷದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. 1971ರ ಜನವರಿಯಲ್ಲಿ ಗಂಗಾ ಅನ್ನೋ ವಿಮಾನ ಅಪಹರಣವಾಗಿ ಲಾಹೋರಿನಲ್ಲಿ ಸುಟ್ಟುಹೋದ ಮೇಲೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನಿ ವಿಮಾನಗಳಿಗೆ ಮುಚ್ಚಿತ್ತು. ಅದರ ಮೇಲೆ ಪಾಕಿಸ್ತಾನ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯಲ್ಲಿ ದೂರು ಹೂಡಿತ್ತು. ಆ ದೂರು ವಾಪಸ್ ಆಯಿತು, ಆಕಾಶ ತೆರೆಯಿತು. ರಾಯಭಾರಿಗಳು ಬಂದರು. ಜುಲೈ 22ರಂದು ಅಮೃತಸರ ಮತ್ತು ಲಾಹೋರ್ ಮಧ್ಯೆ ಸಂಜೌತಾ ರೈಲು ಓಡಿತು.

ಆ ರೈಲಿನಲ್ಲಿ ಹೋದವರು ಯಾರು? ದೊಡ್ಡ ದೊಡ್ಡ ಜನ ಅಲ್ಲ. ಆಚೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತಂಗಿಯ ಮುಖ ನೋಡದೆ ವರ್ಷಗಟ್ಟಲೆ ಕಳೆದ ಅಣ್ಣಂದಿರು, ಸಣ್ಣ ವ್ಯಾಪಾರಿಗಳು. ಭುಟ್ಟೊ ಮತ್ತು ಇಂದಿರಾ ಗಾಂಧಿ ಪತ್ರ ಬರೆದುಕೊಂಡರು, ನಿಜ. ಆದರೆ ಪತ್ರವನ್ನು ರೈಲು ಹಳಿಯ ತನಕ ತಂದವರು ಈ ಇಬ್ಬರು ಅಧಿಕಾರಿಗಳು. ಶಾಹಿಗೆ ಒಂದು ನಮಸ್ಕಾರ ಹೇಳಬೇಕು ಅಂದರೆ ನಾನು ಇದಕ್ಕೆ ಹೇಳುತ್ತೇನೆ.

ಮಲೆನಾಡಿನವ:
ಮೇಷ್ಟ್ರೇ, ಇದನ್ನು ಒಪ್ಪುತ್ತೇನೆ. ಆದರೆ ಇದೇ ಹೊತ್ತಿನಲ್ಲಿ ಅಣುಬಾಂಬ್ ಕೆಲಸಕ್ಕೆ ಜಗತ್ತಿನೆದುರು ಹೊದಿಕೆ ಹೊದಿಸಿದವರೂ ಅವರೇ ಅಲ್ವಾ?

ಕರಾವಳಿ ಕಡತ:
ಹೌದು, ಅದರಲ್ಲಿ ಅನುಮಾನ ಬೇಡ. 1974ರ ಮೇ 18ರಂದು ನಾವು ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿದೆವು. ಅದೇ ವರ್ಷ ಪಾಕಿಸ್ತಾನ ವಿಶ್ವಸಂಸ್ಥೆಯಲ್ಲಿ ದಕ್ಷಿಣ ಏಷ್ಯಾವನ್ನು ಅಣ್ವಸ್ತ್ರ ಮುಕ್ತ ವಲಯ ಮಾಡೋಣ ಅಂತ ಪ್ರಸ್ತಾಪ ತಂದಿತು. ಜೊತೆಗೆ ಫ್ರಾನ್ಸ್‌ನಿಂದ ಪುನರ್ಸಂಸ್ಕರಣ ಸ್ಥಾವರ (ಬಳಸಿದ ಅಣು ಇಂಧನದಿಂದ ಬಾಂಬಿಗೂ ಬರುವ ಪ್ಲುಟೋನಿಯಂ ತೆಗೆಯುವ ಘಟಕ) ಕೊಳ್ಳಲು 1976ರಲ್ಲಿ ಒಪ್ಪಂದ ಮಾಡಿಕೊಂಡಿತು. ಎರಡೂ ಒಟ್ಟಿಗೆ ನಡೆಯಿತು. ಎರಡಕ್ಕೂ ವಿದೇಶಾಂಗ ಇಲಾಖೆಯ ತಲೆಯಲ್ಲಿದ್ದವರು ಶಾಹಿ.

1979ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ಗೆ ಹೋದಾಗ ಅಮೆರಿಕದ ಅಣ್ವಸ್ತ್ರ ವಿಷಯದ ರಾಯಭಾರಿ ಜೆರಾರ್ಡ್ ಸ್ಮಿತ್, ಶಾಹಿ ಅವರನ್ನು ಕೂರಿಸಿಕೊಂಡು ಎಚ್ಚರಿಸಿದರು. ಭಾರತ ನಿಮಗಿಂತ ಬಹಳ ಮುಂದಿದೆ, ನೀವು ಸಾವಿನ ಕಣಿವೆಗೆ ಕಾಲಿಡುತ್ತಿದ್ದೀರಿ ಅನ್ನೋ ಅರ್ಥದಲ್ಲಿ ಮಾತಾಡಿದರು. ಶಾಹಿ ಕೊಟ್ಟ ಉತ್ತರದ ಸಾರ ಇಷ್ಟು: ಬಾಂಬಿನ ಬೆಲೆ ಇರೋದು ಅದನ್ನು ಹಾಕುವುದರಲ್ಲಿ ಅಲ್ಲ, ಇಟ್ಟುಕೊಂಡಿರುವುದರಲ್ಲಿ. ಆಮೇಲಿನ ನಲವತ್ತು ವರ್ಷ ಪಾಕಿಸ್ತಾನ ನಡೆದದ್ದು ಈ ಮಾತಿನ ಮೇಲೆಯೇ. 1999ರ ಅಕ್ಟೋಬರ್‌ನಲ್ಲಿ, ಕಾರ್ಗಿಲ್ ಮುಗಿದ ಕೆಲವೇ ತಿಂಗಳಿಗೆ, ಶಾಹಿ, ಮಾಜಿ ವಿದೇಶಾಂಗ ಕಾರ್ಯದರ್ಶಿ ಅಬ್ದುಲ್ ಸತ್ತಾರ್ ಮತ್ತು ವಾಯುಪಡೆಯ ಮಾಜಿ ಮುಖ್ಯಸ್ಥ ಜುಲ್ಫಿಕರ್ ಅಲಿ ಖಾನ್ ಜೊತೆ ಸೇರಿ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪಾಕಿಸ್ತಾನದ ಅಣ್ವಸ್ತ್ರ ನೀತಿ ಹೇಗಿರಬೇಕು ಅನ್ನೋದರ ಬಗ್ಗೆ. ಆಗ ಅವರಿಗೆ 79 ವರ್ಷ. ಸರ್ಕಾರ ಬಾಯಿಬಿಟ್ಟು ಹೇಳದ್ದನ್ನು ಈ ಹಿರಿಯರು ಬರೆದರು ಅಂತ ಎಲ್ಲಾ ಕಡೆ ಅದನ್ನು ಗಮನವಿಟ್ಟು ಓದಿದರು.

ಬೀದರ್ ಕೋಟೆ:
ಹಾಗಾದರೆ ಅಮೆರಿಕದ ಹಂಗು ಬೇಡ ಅಂದವರು ಅಂತ ಹಳೇಪೇಟೆ ಸರ್ ಹೇಳಿದ್ದು ಎಲ್ಲಿ ಬರುತ್ತದೆ? ಅಫ್ಘಾನ್ ಯುದ್ಧದಲ್ಲಿ ಅಮೆರಿಕದ ದುಡ್ಡು ತಂದದ್ದು ಜಿಯಾ ಸರ್ಕಾರವೇ ಅಲ್ವಾ?

ಹಳೇಪೇಟೆ:
ಅಲ್ಲಿಗೇ ಬರುತ್ತಿದ್ದೆ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

1979ರ ಡಿಸೆಂಬರ್ ಕೊನೆಗೆ ಸೋವಿಯತ್ ಸೈನ್ಯ ಕಾಬೂಲ್‌ಗೆ ಇಳಿಯಿತು. ಜನವರಿಯಲ್ಲಿ ಶಾಹಿ ವಾಷಿಂಗ್ಟನ್‌ಗೆ ಹೋದರು. ಕಾರ್ಟರ್ ಸರ್ಕಾರ ಎರಡು ವರ್ಷಕ್ಕೆ 40 ಕೋಟಿ ಡಾಲರ್ ಕೊಡುತ್ತೇವೆ ಅಂದಿತು. ಜಿಯಾ ಅದನ್ನು ಕಡಲೆಕಾಯಿ ಅಂತ ತಳ್ಳಿಹಾಕಿದ್ದು ಎಲ್ಲರಿಗೂ ಗೊತ್ತು, ಕಾರ್ಟರ್ ಕಡಲೆಕಾಯಿ ಬೆಳೆಯುತ್ತಿದ್ದವರು. ಮಾರ್ಚ್‌ನಲ್ಲಿ ಅಧಿಕೃತವಾಗಿ ಬೇಡ ಅಂತ ಸಾರಿದವರು ಶಾಹಿ. ಇಬ್ಬರೂ ಬೇಡ ಅಂದರು, ಆದರೆ ಕಾರಣ ಬೇರೆ. ಜಿಯಾಗೆ ದುಡ್ಡು ಸಾಲದು. ಶಾಹಿಗೆ, ಅಷ್ಟು ಕಡಿಮೆ ತಗೊಂಡು ಸೋವಿಯತ್ ಸಿಟ್ಟನ್ನು ಮೈಮೇಲೆ ಎಳೆದುಕೊಳ್ಳೋದು ಬೇಡ.

ರೇಗನ್ ಬಂದರು. 1981ರ ಏಪ್ರಿಲ್‌ನಲ್ಲಿ ಶಾಹಿ ಮತ್ತು ಜನರಲ್ ಕೆ. ಎಂ. ಆರಿಫ್ ಮತ್ತೆ ವಾಷಿಂಗ್ಟನ್‌ಗೆ ಹೋದರು. ಈ ಸಲ ಕುದುರಿದ್ದು ಆರು ವರ್ಷಕ್ಕೆ 320 ಕೋಟಿ ಡಾಲರ್. ಅದರ ಜೊತೆ ಎಫ್-16 ಯುದ್ಧ ವಿಮಾನಗಳ ಮಾರಾಟ. ಇಲ್ಲಿ ಒಂದು ಸೂಕ್ಷ್ಮ ಇದೆ. ಆಯುಧಕ್ಕೆ ಕೊಡುವ ಸಾಲವನ್ನು ರಿಯಾಯಿತಿ ಬಡ್ಡಿಗೆ ತಗೊಳ್ಳಬಹುದಿತ್ತು. ಬೇಡ, ಮಾರುಕಟ್ಟೆ ಬಡ್ಡಿ ಕಟ್ಟುತ್ತೇವೆ ಅಂತ ಪಾಕಿಸ್ತಾನ ಹೇಳಿತು. ಅಮೆರಿಕದ ಸೈನ್ಯಕ್ಕೆ ನೆಲೆಗಳನ್ನೂ ಕೊಡಲ್ಲ ಅಂದಿತು. ಆಯುಧವನ್ನು ದಾನವಾಗಿ ಪಡೆದರೆ ಅಲಿಪ್ತ ಅನ್ನೋ ಮಾತಿಗೆ ಅರ್ಥ ಉಳಿಯಲ್ಲ, ಕೊಂಡರೆ ಉಳಿಯುತ್ತದೆ ಅನ್ನೋ ಯೋಚನೆ. ಬಡ ದೇಶ ಬೇಕಂತಲೇ ಹೆಚ್ಚು ಬಡ್ಡಿ ಕಟ್ಟುತ್ತೇನೆ ಅನ್ನೋದು ಸಣ್ಣ ವಿಷಯ ಅಲ್ಲ. ಆ ನಿಲುವಿನಲ್ಲಿ ನನಗೆ ಕಾಣುವುದು ಶಾಹಿಯ ಕೈ.

ಅದರ ಜೊತೆಗೇ ಸೋವಿಯತ್ ಸೈನ್ಯ ಮಾತುಕತೆಯ ಮೂಲಕ ವಾಪಸ್ ಹೋಗಬೇಕು ಅಂತ ವಿಶ್ವಸಂಸ್ಥೆಯ ದಾರಿ ಹಿಡಿದರು. ಆ ದಾರಿಯೇ ಮುಂದೆ ಜಿನೀವಾ ಮಾತುಕತೆಯಾಗಿ, 1988ರ ಏಪ್ರಿಲ್ 14ರ ಒಪ್ಪಂದದವರೆಗೆ ಹೋಯಿತು. ಆದರೆ ದುಡ್ಡು, ಆಯುಧ, ಗುಪ್ತಚರರ ಕೆಲಸ ಜಾಸ್ತಿಯಾದಂತೆ ನೀತಿಯ ಹಗ್ಗ ವಿದೇಶಾಂಗ ಇಲಾಖೆಯ ಕೈಯಿಂದ ಜಾರಿ ಸೈನ್ಯದ ಕೈಗೆ ಹೋಯಿತು. ಜಿಯಾ ಅಮೆರಿಕಕ್ಕೆ ಹತ್ತಿರವಾದಷ್ಟೂ ಶಾಹಿ ಜಿಯಾಗೆ ದೂರವಾದರು. 1982ರ ಆರಂಭದಲ್ಲಿ ಹೊರಬಿದ್ದರು.

ಓದುಗಿತ್ತಿ:
ಅವರು ಹೊರಬೀಳುವ ಮುಂಚಿನ ಕೊನೆಯ ಕೆಲಸವೂ ಭಾರತದ ಜೊತೆಗೇ ಇತ್ತು, ಅದನ್ನೂ ಸೇರಿಸಬೇಕು. 1981ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೆರವು ಒಪ್ಪಿಕೊಂಡ ಹೇಳಿಕೆಯಲ್ಲೇ ಪಾಕಿಸ್ತಾನ ಭಾರತಕ್ಕೆ ಯುದ್ಧ ಬೇಡ ಒಪ್ಪಂದದ ಪ್ರಸ್ತಾಪ ಇಟ್ಟಿತು. ನಮ್ಮವರಿಗೆ ನಂಬಿಕೆ ಬರಲಿಲ್ಲ, ಒಂದು ಕೈಯಲ್ಲಿ ಎಫ್-16 ಹಿಡಿದು ಇನ್ನೊಂದು ಕೈ ಚಾಚಿದರೆ ಯಾರಿಗೆ ನಂಬಿಕೆ ಬರುತ್ತದೆ? ಆದರೂ 1982ರ ಜನವರಿ ಕೊನೆಗೆ ಶಾಹಿ ದೆಹಲಿಗೆ ಬಂದರು. ವಿದೇಶಾಂಗ ಸಚಿವ ನರಸಿಂಹರಾವ್ ಜೊತೆ ಮಾತಾಡಿದರು. ಮಾತು ಚೆನ್ನಾಗೇ ನಡೆಯಿತು, ಎರಡೂ ದೇಶಗಳ ಜಂಟಿ ಆಯೋಗ ಮಾಡುವ ಯೋಚನೆಯೂ ಬಂತು.

ಕೆಲವೇ ವಾರದಲ್ಲಿ ಜಿನೀವಾದ ಮಾನವ ಹಕ್ಕು ಆಯೋಗದಲ್ಲಿ ಪಾಕಿಸ್ತಾನದ ಪ್ರತಿನಿಧಿ ಕಾಶ್ಮೀರದ ವಿಷಯ ಎತ್ತಿದರು. ಭಾರತ ಸಿಟ್ಟಾಗಿ ಮುಂದಿನ ಸುತ್ತಿನ ಮಾತುಕತೆಯನ್ನು ಮುಂದೂಡಿತು. ಆ ಪ್ರತಿನಿಧಿ ಯಾರು ಗೊತ್ತಾ? ಆಘಾ ಹಿಲಾಲಿ. ತಮ್ಮ ದೆಹಲಿಯಲ್ಲಿ ಕಟ್ಟಿದ್ದು ಅಣ್ಣ ಜಿನೀವಾದಲ್ಲಿ ಆಡಿದ ಮಾತಿಗೆ ನಿಂತುಹೋಯಿತು. ಜಂಟಿ ಆಯೋಗ ಬಂದದ್ದು 1983ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಶಾಹಿ ಆ ಕುರ್ಚಿಯಲ್ಲಿ ಇರಲಿಲ್ಲ.

ನಿವೃತ್ತ ಮೇಷ್ಟ್ರು:
ಇದು ನನಗೆ ಹೊಸ ವಿಷಯ ತಾಯಿ. ಇನ್ನೊಂದು ಮಾತು, ಬೆಂಗಳೂರಿನ ನಂಟು ಹೇಳಿದಿರಿ. ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಭಾರತದ ಪರವಾಗಿ ಇದೇ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು, 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಶುರುವಾದ ತಿಂಗಳು. ಹದಿನೆಂಟು ವರ್ಷಕ್ಕೆ ಬೆಂಗಳೂರಿನಲ್ಲಿ ಹುಟ್ಟಿದವರು ಪಾಕಿಸ್ತಾನದ ಪರವಾಗಿ ಅದೇ ಸ್ಥಾನದಲ್ಲಿ ಕೂತರು. ನಮ್ಮ ಮಕ್ಕಳಿಗೆ ಇಬ್ಬರ ಹೆಸರೂ ಗೊತ್ತಿಲ್ಲ ಅನ್ನೋದೇ ಬೇಜಾರು.

ದುಬೈ ಕನ್ನಡಿಗ:
ಈಗಷ್ಟೇ ಎಲ್ಲಾ ಓದಿದೆ. ರಾಜೀನಾಮೆ ಆದ ಮೇಲೆ ಏನು ಮಾಡಿದರು?

ಹಳೇಪೇಟೆ:
ಸುಮ್ನೆ ಕೂರಲಿಲ್ಲ. ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿಯಲ್ಲಿ ಹಲವು ವರ್ಷ ಸದಸ್ಯರಾಗಿದ್ದರು. ಇಸ್ಲಾಮಾಬಾದ್‌ನಲ್ಲಿ ಬರೆಯುತ್ತಾ, ಭಾಷಣ ಮಾಡುತ್ತಾ, ಅಮೆರಿಕದ ಮೇಲೆ ಇಷ್ಟೊಂದು ಆತುಕೊಳ್ಳಬೇಡಿ ಅಂತ ಕೊನೆಯವರೆಗೂ ಹೇಳುತ್ತಲೇ ಇದ್ದರು. ಹಿಲಾಲಿ 2001ರಲ್ಲಿ ತೀರಿಕೊಂಡರು. ಶಾಹಿ 2006ರ ಸೆಪ್ಟೆಂಬರ್ 6ರಂದು, 86ನೇ ವಯಸ್ಸಿನಲ್ಲಿ.

ಮಲೆನಾಡಿನವ:
ಒಂದು ಕೊನೆಯ ಮಾತು ಹೇಳಿಬಿಡುತ್ತೇನೆ. 1982ರಲ್ಲಿ ಶಾಹಿ ಬಿಟ್ಟ ಕುರ್ಚಿಗೆ ಬಂದವರು ಸಾಹಬ್‌ಜಾದಾ ಯಾಕೂಬ್ ಖಾನ್. 1971ರ ಮಾರ್ಚ್‌ನಲ್ಲಿ ಢಾಕಾದಲ್ಲಿ ಸೈನ್ಯದ ಮುಖ್ಯಸ್ಥರಾಗಿದ್ದವರು ಅವರು. ಜನರ ಮೇಲೆ ಸೈನ್ಯ ಬಿಡುವುದರಿಂದ ಏನೂ ಬಗೆಹರಿಯಲ್ಲ, ರಾಜಕೀಯವಾಗಿ ಮಾತಾಡಿ ಅಂತ ಹೇಳಿ, ಯಾಹ್ಯಾ ಕೇಳದಿದ್ದಾಗ ರಾಜೀನಾಮೆ ಕೊಟ್ಟರು. ಅದಕ್ಕೆ ಅವರ ದರ್ಜೆಯನ್ನೂ ಇಳಿಸಿದರು. ಸಮವಸ್ತ್ರ ಹಾಕಿದ ಜನರಲ್‌ಗೆ ಸಾಧ್ಯವಾದದ್ದು ಪೆನ್ನು ಹಿಡಿದ ಅಧಿಕಾರಿಗೆ ಯಾಕೆ ಆಗಲಿಲ್ಲ? ಅಮೆರಿಕದ ಹಂಗಿನ ವಿಷಯಕ್ಕೆ ಶಾಹಿ ಎದ್ದು ಹೋದರು, ಗೌರವ ಇದೆ. ಬಂಗಾಳದ ಜನರ ವಿಷಯಕ್ಕೆ ಎದ್ದು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು.

ಹಳೇಪೇಟೆ:
ಈ ಹೋಲಿಕೆಗೆ ನನ್ನ ಹತ್ತಿರ ಉತ್ತರ ಇಲ್ಲ ಸರ್, ನೀವು ಹೇಳಿದ್ದು ನ್ಯಾಯವಾಗಿದೆ. ಸೇರಿಸುವುದು ಇಷ್ಟೆ: ಯಾಕೂಬ್ ಖಾನ್ ಜಿಯಾ ಸರ್ಕಾರದಲ್ಲಿ 1987ರವರೆಗೆ ಇದ್ದರು. ಶಾಹಿಗೆ ಸಹಿಸಲು ಆಗದ ಅಮೆರಿಕದ ನಂಟಿನ ಕಾಲವನ್ನು ಪೂರ್ತಿ ನಡೆಸಿದ್ದು ಅವರೇ. ಶಾಹಿಗೆ ಆಗದ್ದು ಯಾಕೂಬ್ ಖಾನ್‌ಗೆ ಆಯಿತು, ಯಾಕೂಬ್ ಖಾನ್‌ಗೆ ಆಗದ್ದು ಶಾಹಿಗೆ ಆಯಿತು. ಯಾಕೂಬ್ ಖಾನ್ ಬಗ್ಗೆ ನೀವೇ ಒಂದು ಚರ್ಚೆ ಶುರು ಮಾಡಿ, ಢಾಕಾದ ಆ ಮಾರ್ಚ್ ತಿಂಗಳಿಂದಲೇ.